ಬೆರಳುದ್ದ ಕೊಂಡರೆ ಆಳುದ್ದ ಬೆಳೆಯುವ ಮೀನು: ಅಂಗಡಿಯಲ್ಲಿ ಮಾರಬೇಕೆ?

ರೆಡ್‌ಟೈಲ್ ಕ್ಯಾಟ್‌ಫಿಶ್ ಮರಿಯನ್ನು ನೋಡಿದರೆ ಮಕ್ಕಳಿಗೇನು, ದೊಡ್ಡವರಿಗೂ ಆಸೆಯಾಗುತ್ತದೆ. ಕಪ್ಪು ಬೆನ್ನು, ಪಕ್ಕೆಯಲ್ಲಿ ಬಿಳಿ ಪಟ್ಟೆ, ಉದ್ದನೆ ಮೀಸೆ. ಎರಡು ಮೂರು ಇಂಚಿನ ಮರಿ ಅಂಗಡಿಯ ಟ್ಯಾಂಕಿನ ತಳದಲ್ಲಿ ಸುಮ್ನೆ ಕೂತಿರುತ್ತದೆ. ಬೆಳೆಯುತ್ತ ಬಾಲ ಕೆಂಪಗಾಗುತ್ತದೆ. ಅಮೆಜಾನ್, ಒರಿನೋಕೊ ನದಿಗಳ ಮೀನು ಇದು. ಚೆನ್ನಾಗಿ ತಿನ್ನಿಸಿದರೆ ಎರಡು ವರ್ಷದೊಳಗೆ ಎರಡಡಿ ಮುಟ್ಟುತ್ತದೆ. ಪೂರ್ತಿ ಬೆಳೆದರೆ ನಾಲ್ಕಡಿ ಮೀರಬಹುದು, ತೂಕ 40 ಕಿಲೋ ದಾಟಬಹುದು. ಹತ್ತು ಹದಿನೈದು ವರ್ಷ ಬದುಕುವ ಪ್ರಾಣಿ. ಇದನ್ನು ಗಪ್ಪಿ, ಮೋಲಿಯಂಥ ಪುಟ್ಟ ಮೀನುಗಳ ಪಕ್ಕದಲ್ಲೇ ಇಟ್ಟು, ನೀರು ತುಂಬಿದ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುತ್ತಾರೆ.

ಹೀಗೆ ಕೊಡುವುದು ಸರಿಯೇ? ಹೀಗೆ ಮಾರಬಾರದು ಎಂಬುದು ನನ್ನ ಅಭಿಪ್ರಾಯ. ಈ ಪ್ರಶ್ನೆ ಮೊದಲು ಜೋರಾಗಿ ಎದ್ದದ್ದು ಬ್ರಿಟನ್ನಿನಂಥ ದೇಶಗಳಲ್ಲಿ. ಆದರೆ ಅಲ್ಲಿನ ಕಾರಣಗಳೇ ಬೇರೆ, ನಮ್ಮ ಕಾರಣಗಳೇ ಬೇರೆ. ನಮ್ಮ ಕಾರಣಗಳು ಇನ್ನೂ ಗಟ್ಟಿ.

ಯಾವ ಯಾವ ಮೀನಿನ ಮಾತು ಇದು ಎಂದು ಮೊದಲು ನೋಡೋಣ. ಅರಪೈಮಾ ಅಮೆಜಾನಿನದು. ಸಿಹಿನೀರಿನ ಅತಿ ದೊಡ್ಡ ಮೀನುಗಳಲ್ಲಿ ಒಂದು, ಮೂರು ಮೀಟರಿನ ಹತ್ತಿರ ಬೆಳೆಯುತ್ತದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಮೇಲೆ ಬಂದು ಗಾಳಿ ಎಳೆದುಕೊಳ್ಳದಿದ್ದರೆ ಉಸಿರುಗಟ್ಟಿ ಸಾಯುತ್ತದೆ. ಅಲಿಗೇಟರ್ ಗಾರ್ ಉತ್ತರ ಅಮೆರಿಕದ್ದು, ಮೊಸಳೆಯ ಹಾಗೆ ಮೂತಿ. 2011ರಲ್ಲಿ ಮಿಸಿಸಿಪಿ ರಾಜ್ಯದಲ್ಲಿ ಸಿಕ್ಕ ಒಂದು ಗಾರ್ 148 ಕಿಲೋ ತೂಗಿತ್ತು. ಅರೋವಾನಾ ಇವೆರಡಕ್ಕಿಂತ ಚಿಕ್ಕದು, ಆದರೂ ಮೂರಡಿಗೆ ಬರುತ್ತದೆ. ಅದೃಷ್ಟ ತರುತ್ತದೆ ಅಂತ ನಮ್ಮಲ್ಲಿ ಎಷ್ಟೋ ಜನ ಹಜಾರದಲ್ಲಿ, ಅಂಗಡಿಯ ಗಲ್ಲಾದ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ.

ಇನ್ನೆರಡು ಮೀನುಗಳ ಕಥೆ ತಮಾಷೆಯಾಗಿದೆ. ಅಕ್ವೇರಿಯಂ ಅಂಗಡಿಯಲ್ಲಿ 'ಶಾರ್ಕ್' ಎಂದು ಮಾರುವ ಬೂದು ಬಣ್ಣದ ಚುರುಕು ಮರಿ ಇದೆಯಲ್ಲ, ಮೀನು ಮಾರುಕಟ್ಟೆಯಲ್ಲಿ ಪಂಗಾಸ್ ಅನ್ನುವುದು ಅದನ್ನೇ. ಹೋಟೆಲಿನಲ್ಲಿ ಬಾಸಾ ಎಂಬ ಹೆಸರಲ್ಲಿ ತಟ್ಟೆಗೆ ಬರುವುದೂ ಬಹುಪಾಲು ಅದೇ. ಆಗ್ನೇಯ ಏಷ್ಯಾದ ಮೆಕಾಂಗ್ ನದಿಯಲ್ಲಿ ನಾಲ್ಕಡಿ ಬೆಳೆಯುತ್ತದೆ. ಹಿಂಡಿನಲ್ಲಿ ದೂರದೂರ ಈಜುವ, ಸಣ್ಣ ಸದ್ದಿಗೂ ಬೆಚ್ಚಿ ಗಾಜಿಗೆ ಮೂತಿ ಹೊಡೆದುಕೊಳ್ಳುವ ಮೀನು. ಇನ್ನೊಂದು ಪಾಕು. ಪಿರಾನ್ಹಾ ಅಂತ ಹೇಳಿ ಮಾರುವವರೂ ಇದ್ದಾರೆ. ಹೊಟ್ಟೆ ಕೆಂಪಗಿರುವ ಪಾಕುವೇ ನಮ್ಮ ಮಾರುಕಟ್ಟೆಯ ರೂಪ್‌ಚಂದ್. ಅಂದರೆ ಕಿಲೋ ಲೆಕ್ಕದಲ್ಲಿ ತೂಗಿ ಮಾರಲೆಂದೇ ಕೊಳದಲ್ಲಿ ಬೆಳೆಸುವ ಜಾತಿಗಳನ್ನು ಎರಡಡಿಯ ಗಾಜಿನ ಪೆಟ್ಟಿಗೆಗೆ ಅಲಂಕಾರಕ್ಕೆ ಕೊಡುತ್ತಿದ್ದೇವೆ.

"ಎಷ್ಟು ದೊಡ್ಡದಾಗತ್ತೆ ಅಣ್ಣ?" ಅಂತ ಕೇಳಿ ನೋಡಿ. "ಟ್ಯಾಂಕ್ ಎಷ್ಟಿದ್ಯೋ ಅಷ್ಟೇ ಸಾರ್" ಎಂಬ ಉತ್ತರ ಬರುವುದೇ ಹೆಚ್ಚು. ಈ ಹವ್ಯಾಸದಲ್ಲಿ ಇಷ್ಟು ಗಟ್ಟಿಯಾಗಿ ಬೇರೂರಿದ ಸುಳ್ಳು ಇನ್ನೊಂದಿಲ್ಲ. ಬಹುತೇಕ ಮೀನುಗಳು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ, ವಯಸ್ಸಾದಂತೆ ವೇಗ ತಗ್ಗುತ್ತದೆ ಅಷ್ಟೇ. ಚಿಕ್ಕ ಟ್ಯಾಂಕಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಮೀನು ಜಾಗಕ್ಕೆ ಹೊಂದಿಕೊಂಡಿತು ಎಂದು ಅದರ ಅರ್ಥವಲ್ಲ. ನೀರು ಕೆಟ್ಟು, ಮೀನು ಒದ್ದಾಡುತ್ತಿದೆ ಎಂದು ಅರ್ಥ. ಬೆನ್ನುಮೂಳೆ ಬಾಗುತ್ತದೆ, ಮೂತಿ ಗಾಜಿಗೆ ಉಜ್ಜಿ ಗಾಯವಾಗುತ್ತದೆ, ಹತ್ತು ವರ್ಷ ಬದುಕಬೇಕಾದ್ದು ಎರಡು ಮೂರು ವರ್ಷಕ್ಕೇ ಸಾಯುತ್ತದೆ. ಹಾಗೆ ಸತ್ತಾಗ ಮಾಲೀಕ, "ಆಯಸ್ಸು ಅಷ್ಟೇ ಇತ್ತೇನೋ" ಅಂದುಕೊಳ್ಳುತ್ತಾನೆ.

ಮೀನಿಗೆ ನೋವಾಗುತ್ತದಾ ಎಂದು ಕೇಳುವವರು ಇನ್ನೂ ಇದ್ದಾರೆ. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ಮುಖದಲ್ಲಿ ನೋವನ್ನು ಗುರುತಿಸುವ ನರತುದಿಗಳಿವೆ ಎಂದು ತೋರಿಸಿದರು. ಅದಾದ ಮೇಲೆ ಈ ವಿಷಯದಲ್ಲಿ ಬೇಕಾದಷ್ಟು ಕೆಲಸ ಆಗಿದೆ. ವಾದ ಪೂರ್ತಿ ಮುಗಿದಿಲ್ಲ. ಆದರೆ ನಾಲ್ಕಡಿ ಮೀನು ಒಂದೂವರೆ ಅಡಿ ಅಗಲದ ಪೆಟ್ಟಿಗೆಯಲ್ಲಿ ತಿರುಗಲಾಗದೆ ನಿಂತಿರುವುದು ತಪ್ಪು ಎನ್ನಲು ಆ ವಾದ ಮುಗಿಯುವ ತನಕ ಕಾಯಬೇಕಾಗಿಲ್ಲ, ಅಲ್ವಾ?

ಈಗ ಲೆಕ್ಕಕ್ಕೆ ಬರೋಣ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಹಿಡಿಯುವುದು ಸುಮಾರು 57 ಲೀಟರ್. ಹವ್ಯಾಸ ಹೆಚ್ಚಿದವರು ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದು ಮಾಡಿಸುತ್ತಾರೆ. ಅದು ಸುಮಾರು 680 ಲೀಟರ್. ನೋಡಲು ಭಾರಿ ಟ್ಯಾಂಕೇ. ಆದರೂ ಅದರ ಅಗಲ ಎರಡಡಿ, ರೆಡ್‌ಟೈಲ್‌ನ ಉದ್ದ ನಾಲ್ಕಡಿ. ಮೀನು ಹಿಂದಕ್ಕೆ ತಿರುಗಬೇಕಾದರೆ ಮೈಯನ್ನು ಮಡಚಿಕೊಳ್ಳಬೇಕು. ಅದು ಸ್ವಲ್ಪವಾದರೂ ನೆಮ್ಮದಿಯಾಗಿ ಈಜಬೇಕೆಂದರೆ 13 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ತೊಟ್ಟಿಯಾದರೂ ಬೇಕು ಅನ್ನಿ. ಇದು ನನ್ನ ಅಂದಾಜು, ಉದಾರವಾದ ಅಂದಾಜೇನೂ ಅಲ್ಲ.

ಅದರಲ್ಲಿ ಹಿಡಿಯುವ ನೀರು ಹತ್ತಿರ ಹತ್ತಿರ 12,000 ಲೀಟರ್. ಅಂದರೆ ಬರಿ ನೀರೇ 12 ಟನ್. ಇದನ್ನು ಅಪಾರ್ಟ್‌ಮೆಂಟಿನಲ್ಲಿ ಇಡುತ್ತೀರಿ ಎಂದುಕೊಳ್ಳಿ. ನಮ್ಮ ದೇಶದ ಕಟ್ಟಡ ಮಾನದಂಡದಲ್ಲಿ ವಾಸದ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹೊರುವ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ನಾಲ್ಕಡಿ ಆಳದ ನೀರು ಚದರ ಮೀಟರಿಗೆ 1,200 ಕಿಲೋ ಭಾರ ಹಾಕುತ್ತದೆ. ಆರು ಪಟ್ಟು! ಇಂಥ ತೊಟ್ಟಿ ನೆಲದ ಮೇಲೇ ಇರಬೇಕು. ಸೈಟು, ತೋಟ ಇದ್ದವರಿಗೆ ಮಾತ್ರ ಆಗುವ ಕೆಲಸ.

ನೀರು ತುಂಬಿಸಿದರೆ ಮುಗಿಯಲಿಲ್ಲ. ಮೀನಿನ ಕಿವಿರಿನಿಂದ ಅಮೋನಿಯಾ ಹೊರಬರುತ್ತಲೇ ಇರುತ್ತದೆ, ಅದು ವಿಷ. ಫಿಲ್ಟರಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ತೆಗೆಯಲು ಇರುವ ನೇರ ದಾರಿ ಹಳೆ ನೀರು ಚೆಲ್ಲಿ ಹೊಸ ನೀರು ಬಿಡುವುದು. ವಾರಕ್ಕೆ ಕಾಲು ಭಾಗ ಬದಲಿಸಿದರೂ 3,000 ಲೀಟರ್. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿಗೇ ಪರದಾಟ ಆದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಗೊತ್ತುಮಾಡಿತ್ತು: 12,000 ಲೀಟರಿನ ಒಂದು ಲೋಡು, ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ. ಒಂದು ಮೀನು, ಒಂದು ಟ್ಯಾಂಕರ್. ತಿಂಗಳಿಗೆ ಒಂದರಂತೆ ತರಿಸುತ್ತಲೇ ಇರಬೇಕು. ಅದರ ಮೇಲೆ ಪಂಪಿನ ಕರೆಂಟ್ ಬಿಲ್ಲು, ಕರೆಂಟ್ ಹೋದಾಗ ಉಸಿರಾಟಕ್ಕೆ ಯುಪಿಎಸ್ಸು, ಊಟದ ಖರ್ಚು ಬೇರೆ. ಆ ಖರ್ಚಿನ ಮುಂದೆ ಮರಿಯ ಬೆಲೆ ಏನೇನೂ ಅಲ್ಲ. ಆದರೆ ಅಂಗಡಿಯಲ್ಲಿ ಕಾಣುವ ಚೀಟಿ ಮರಿಯದ್ದು ಮಾತ್ರ.

ಹಾಗಾದರೆ ಮಾರಿದ ಮರಿಗಳೆಲ್ಲ ಏನಾಗುತ್ತವೆ? ತುಂಬಾ ಸಾಯುತ್ತವೆ. ಕೆಲವನ್ನು ಅಂಗಡಿಗೆ ವಾಪಸ್ ಕೊಡಲು ಹೋದರೆ ಅಂಗಡಿಯವರು ತಗೊಳ್ಳುವುದಿಲ್ಲ, ಅವರ ಹತ್ತಿರವೂ ಜಾಗವಿಲ್ಲ. ಬ್ರಿಟನ್ನಿನಲ್ಲಿ ಇಂಥ ಮೀನುಗಳನ್ನು ಟ್ಯಾಂಕ್‌ಬಸ್ಟರ್ ಎಂದು ಕರೆಯುತ್ತಾರೆ. ಅಲ್ಲಿನ ಸಾರ್ವಜನಿಕ ಮತ್ಸ್ಯಾಲಯಗಳಿಗೆ "ನಮ್ಮ ಮೀನು ತಗೊಳ್ಳಿ" ಎಂಬ ಕೋರಿಕೆಗಳು ಎಷ್ಟು ಬಂದವು ಎಂದರೆ, ಅವು ಸೇರಿ ಬಿಗ್ ಫಿಶ್ ಕ್ಯಾಂಪೇನ್ ಎಂಬ ಅಭಿಯಾನವನ್ನೇ ಶುರು ಮಾಡಿದವು. ರೆಡ್‌ಟೈಲ್, ಪಾಕು, ಪಂಗಾಸ್, ದೈತ್ಯ ಗೊರಾಮಿ ಮೊದಲಾದವನ್ನು ಮನೆಗೆ ಮಾರಬೇಡಿ ಎಂಬುದು ಬೇಡಿಕೆ. ನಮ್ಮಲ್ಲಿ ಆ ದಾರಿಯೂ ಇಲ್ಲ. 1983ರಲ್ಲಿ ಕಬ್ಬನ್ ಪಾರ್ಕಿನಲ್ಲಿ ಶುರುವಾದ ಸರ್ಕಾರಿ ಮತ್ಸ್ಯಾಲಯದಂಥವು ರಾಜ್ಯದಲ್ಲಿ ಬೆರಳೆಣಿಕೆಯಷ್ಟು.

ಉಳಿಯುವುದು ಕೆರೆ. "ಪಾಪ, ಬದುಕಿಕೊಳ್ಳಲಿ" ಅಂತ ರಾತ್ರಿ ಹೊತ್ತು ಬಕೆಟ್ಟಿನಲ್ಲಿ ತಂದು ಬಿಡುತ್ತಾರೆ. ಬಿಡುವವರು ದುಷ್ಟರಲ್ಲ. ಬಹುಪಾಲು ಜನ ಪುಣ್ಯದ ಕೆಲಸ ಮಾಡಿದೆವು ಅಂತಲೇ ನಂಬಿರುತ್ತಾರೆ. ಬ್ರಿಟನ್ನಿಗೂ ನಮಗೂ ವ್ಯತ್ಯಾಸ ಬರುವುದು ಇಲ್ಲೇ. ಇಂಗ್ಲೆಂಡಿನ ಕೊಳಕ್ಕೆ ಅಮೆಜಾನ್ ಮೀನು ಬಿಟ್ಟರೆ ಮೊದಲ ಚಳಿಗಾಲಕ್ಕೇ ಸಾಯುತ್ತದೆ. ಅಲ್ಲಿ ಇದು ಮುಖ್ಯವಾಗಿ ಪ್ರಾಣಿಹಿಂಸೆಯ ಪ್ರಶ್ನೆ. ನಮ್ಮ ಕೆರೆಯ ನೀರು ಡಿಸೆಂಬರಿನಲ್ಲೂ ಅವನ್ನು ಕೊಲ್ಲುವಷ್ಟು ತಣ್ಣಗಾಗುವುದಿಲ್ಲ. ಆಂಧ್ರದ ಕೊಳಗಳಲ್ಲಿ ರೂಪ್‌ಚಂದ್, ಪಂಗಾಸ್ ಬೆಳೆಸುತ್ತಾರೆ ಎಂದರೆ ಇಲ್ಲಿನ ಹವೆ ಅವಕ್ಕೆ ಒಗ್ಗಿದೆ ಎಂದೇ ಅರ್ಥ. ಇಲ್ಲಿ ಪ್ರಾಣಿಹಿಂಸೆಯ ಜೊತೆಗೆ ಕೆರೆ, ಹೊಳೆಯ ಪ್ರಶ್ನೆಯೂ ಸೇರಿಕೊಳ್ಳುತ್ತದೆ.

ಕೇರಳದಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ಆಯಿತು. 2018ರ ಆಗಸ್ಟಿನ ಮಹಾ ಮಳೆಯಲ್ಲಿ ಸಾಕಣೆಯ ಕೊಳಗಳೆಲ್ಲ ಉಕ್ಕಿ ಹರಿದವು. ಆಮೇಲೆ ಹೊಳೆಗಳಲ್ಲಿ ಬಲೆ ಬೀಸಿದವರಿಗೆ ಅರಪೈಮಾ ಸಿಕ್ಕಿತು, ಅಲಿಗೇಟರ್ ಗಾರ್ ಸಿಕ್ಕಿತು. ಸಂಶೋಧಕರು ಇದನ್ನು ದಾಖಲಿಸಿ 2019ರಲ್ಲಿ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿ ಯಾರೂ ಬೇಕೆಂದೇ ಬಿಟ್ಟಿರಬೇಕಾಗಿಲ್ಲ. ಸಾಕುವವರು ಎಷ್ಟೇ ಜವಾಬ್ದಾರರಾಗಿದ್ದರೂ ನೆರೆ ಬಂದರೆ ಏನು ಮಾಡಿಯಾರು? 2023ರಲ್ಲಿ ಭೋಪಾಲಿನಲ್ಲಿ ಗಾರ್ ಸಿಕ್ಕಿತು. ಅದೇ ವರ್ಷ ಶ್ರೀನಗರದ ದಾಲ್ ಸರೋವರದಲ್ಲಿ ಕಳೆ ತೆಗೆಯುವಾಗಲೂ ಒಂದು ಸಿಕ್ಕಿತು. ಗಾರ್ ಚಳಿಯನ್ನೂ ತಡೆಯುತ್ತದೆ. (ಟಿವಿಯವರು ಹೇಳುವಂತೆ ಅದು ಮನುಷ್ಯರನ್ನು ಹಿಡಿದು ತಿನ್ನುವ ಮೀನೇನೂ ಅಲ್ಲ. ಅದರ ಮೊಟ್ಟೆ ಮಾತ್ರ ವಿಷ, ತಿನ್ನಬಾರದು.)

ಒಂದು ಮೀನು ಹಿಡಿಯಲು ಎಷ್ಟು ಕಷ್ಟ ಎನ್ನುವುದಕ್ಕೆ ಚೀನಾದ ರೂಝೋ ನಗರದ ಉದಾಹರಣೆ ಸಾಕು. 2022ರ ಬೇಸಿಗೆಯಲ್ಲಿ ಅಲ್ಲಿನ ಉದ್ಯಾನದ ಕೆರೆಯಲ್ಲಿ ವಿಚಿತ್ರ ಮೀನು ಕಂಡಿತು. ಬಲೆ ಹಾಕಿದರು, ಸಿಗಲಿಲ್ಲ. ಕೊನೆಗೆ ಕೆರೆಯನ್ನೇ ಬತ್ತಿಸಿದರು. ಸುಮಾರು ಒಂದು ತಿಂಗಳ ಕೆಲಸ. ಆ ನಾಟಕ ಆನ್‌ಲೈನಿನಲ್ಲಿ ನೇರಪ್ರಸಾರವಾಗಿ ಜನ ಮುಗಿಬಿದ್ದು ನೋಡಿದರು. ಸಿಕ್ಕಿದ್ದು ಎರಡು ಗಾರ್, ಒಂದೊಂದೂ ಮೂರಡಿಯ ಒಳಗೆ. ಅಂಥ ಖರ್ಚಿನ ಬಾಬ್ತು ನಮ್ಮ ಯಾವ ಪಂಚಾಯಿತಿಯ ಬಜೆಟ್ಟಿನಲ್ಲಿದೆ?

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕೆರೆಗೆ ಬಿದ್ದ ಒಂಟಿ ರೆಡ್‌ಟೈಲ್ ಅಲ್ಲಿನ ಮೀನು ತಿನ್ನುತ್ತದೆ, ಒಂದಿನ ಸಾಯುತ್ತದೆ. ಜೋಡಿ ಇಲ್ಲದೆ ಮರಿ ಮಾಡಲಾರದು. ನಮ್ಮ ನೀರಿನಲ್ಲಿ ನಿಜವಾಗಿ ಬೇರು ಬಿಟ್ಟಿರುವುದು ದೈತ್ಯ ಮೀನಲ್ಲ, ಒಂದೂವರೆ ಅಡಿಯ ಸಕ್ಕರ್. ಅದೇ, 'ಟ್ಯಾಂಕ್ ಕ್ಲೀನರ್' ಎಂದು ಎರಡಿಂಚಿನದು ಮಾರುತ್ತಾರಲ್ಲ, ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ತಿನ್ನುವ ಕಪ್ಪು ಮೀನು. ಬೆಂಗಳೂರಿನ ಕೆರೆಗಳಲ್ಲೂ ಸಿಗುತ್ತದೆ, ಆಂಧ್ರದಲ್ಲೂ ಸಿಗುತ್ತದೆ, 2020ರಲ್ಲಿ ವಾರಾಣಸಿಯ ಗಂಗೆಯಲ್ಲೂ ಸಿಕ್ಕಿತು. ಮೈಮೇಲೆ ಮೂಳೆಯ ಕವಚ, ಮುಳ್ಳಿನ ರೆಕ್ಕೆ. ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ. ದಡ ಕೊರೆದು ಗೂಡು ಮಾಡುತ್ತದೆ. ನೀರು ಕೆಟ್ಟರೂ ಗಾಳಿ ಗುಟುಕರಿಸಿ ಬದುಕುತ್ತದೆ. ಮಾರಲು ಹೋದರೆ ಕೊಳ್ಳುವವರಿಲ್ಲ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪೂರ್ವ ಘಟ್ಟದ ಕೆರೆ, ಹೊಳೆಗಳ ನೀರು ತೆಗೆದು, ಅದರಲ್ಲಿನ ಡಿಎನ್‌ಎ ನೋಡಿಯೇ ಇದು ಎಲ್ಲೆಲ್ಲಿ ಹರಡಿದೆ ಎಂದು ಪತ್ತೆ ಮಾಡಿದ್ದಾರೆ.

ಹಾಗಾಗಿ 'ದೊಡ್ಡ ಮೀನು ಬೇಡ' ಎಂಬ ಒಂದೇ ನಿಯಮದಿಂದ ಎರಡೂ ಕೆಲಸ ಆಗುವುದಿಲ್ಲ. ಮೀನಿನ ನೆಮ್ಮದಿಯ ಪ್ರಶ್ನೆಗೆ ಅಳತೆ ಮುಖ್ಯ. ಕೆರೆಯ ಪ್ರಶ್ನೆಗೆ ಆ ಜಾತಿ ಇಲ್ಲಿ ಮರಿ ಮಾಡಬಲ್ಲದೇ ಎಂಬುದು ಮುಖ್ಯ. ಎರಡನ್ನೂ ಕಲಸಿದರೆ ಕಾನೂನು ಮಾಡುವವರು ಟಿವಿಯಲ್ಲಿ ಬಂದ ಮೊಸಳೆ ಮೂತಿಯ ಮೀನನ್ನು ನಿಷೇಧಿಸಿ, ಸಕ್ಕರ್ ಮಾರಲು ಬಿಟ್ಟು ಕೈತೊಳೆದುಕೊಳ್ಳುತ್ತಾರೆ.

ಕಾನೂನು ಇಲ್ಲವೆಂದೇನಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯರನ್ನು ಬಿಟ್ಟು ಯಾವುದೇ ಜೀವಿ. ಮೀನೂ ಸೇರಿತು. ಓಡಾಡಲು ಸಾಕಷ್ಟು ಎತ್ತರ, ಉದ್ದ, ಅಗಲ ಇಲ್ಲದ ಪಂಜರದಲ್ಲೋ ಪಾತ್ರೆಯಲ್ಲೋ ಪ್ರಾಣಿಯನ್ನು ಇಡುವುದು ಅದರ ಪ್ರಕಾರ ಅಪರಾಧ. ಓದಿದರೆ ರೆಡ್‌ಟೈಲ್‌ಗೆಂದೇ ಬರೆದ ಹಾಗಿದೆ. ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಮೀನಿನ ಆಹಾರದ ಡಬ್ಬಿ ಅದಕ್ಕಿಂತ ದುಬಾರಿ.

2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆಂದೇ ನಿಯಮ ತಂದಿತ್ತು. ದುಂಡನೆ ಗಾಜಿನ ಬೋಗುಣಿ ಬೇಡ ಎಂದಿತು, 158 ಬಗೆಯ ಮೀನುಗಳ ಪಟ್ಟಿ ಕೊಟ್ಟು ಮಾರಬೇಡಿ ಎಂದಿತು. ಪಟ್ಟಿಯಲ್ಲಿ ಬಹುಪಾಲು ಕ್ಲೌನ್‌ಫಿಶ್, ಬಟರ್‌ಫ್ಲೈಫಿಶ್ ಥರದ ಸಮುದ್ರದ ಮೀನುಗಳು. ವ್ಯಾಪಾರಿಗಳು, ಮೀನು ಬೆಳೆಸುವವರು ಗಟ್ಟಿಯಾಗಿ ವಿರೋಧಿಸಿದರು. ಚೆನ್ನೈನ ಕೊಳತ್ತೂರಿನಂಥ ಕಡೆ ಬಣ್ಣದ ಮೀನು ಬೆಳೆಸುವುದೇ ಎಷ್ಟೋ ಮನೆಗಳ ಕಸುಬು. ಸರ್ಕಾರ ನಿಯಮಗಳನ್ನು ವಾಪಸ್ ತಗೊಂಡಿತು. ಎಲ್ಲವನ್ನೂ ಒಂದೇ ಏಟಿಗೆ ಹೊಡೆಯಲು ಹೋಗಿ ಯಾವುದೂ ಆಗಲಿಲ್ಲ. ಈಗ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಲಂಕಾರಿಕ ಮೀನು ಸಾಕಣೆಗೆ ಸಹಾಯಧನ ಇದೆ. ಒಳ್ಳೆಯದೇ. ಆದರೆ ಸಹಾಯಧನ ಕೊಡುವ ಕೈಯೇ ಯಾವ ಜಾತಿ ಬೇಡ ಎಂದೂ ಹೇಳಬಹುದಲ್ಲ.

ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ ಹೊರಗಿನ ಆಕ್ರಮಣಕಾರಿ ಜಾತಿಗಳ ಆಮದು, ಮಾರಾಟ, ಸಾಕಣೆ ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು ಎಂದೂ ಹೇಳಿದೆ. ಅರಪೈಮಾ, ಏಷ್ಯನ್ ಅರೋವಾನಾ ಅದರಲ್ಲಿ ಬರುತ್ತವೆ. ರೆಡ್‌ಟೈಲ್, ಗಾರ್, ಪಾಕು, ಸಕ್ಕರ್ ಬರುವುದಿಲ್ಲ. ಏಕೆಂದರೆ ಆ ಪಟ್ಟಿ ಇರುವುದು ಅಳಿಯುವ ಜೀವಿಗಳನ್ನು ಕಾಪಾಡಲು, ಅದಕ್ಕೂ ನಮ್ಮ ಕೆರೆಗೂ ಸಂಬಂಧವಿಲ್ಲ.

ನಿಷೇಧ ಎಂದು ಬರೆದ ಮಾತ್ರಕ್ಕೆ ಮೀನು ಮಾಯವಾಗುತ್ತದಾ? ಆಫ್ರಿಕನ್ ಕ್ಯಾಟ್‌ಫಿಶ್ ನೋಡಿ. 2000ದಲ್ಲೇ ಅದರ ಸಾಕಣೆ ಬೇಡ ಎಂದಾಯಿತು. ಇವತ್ತಿಗೂ ಬೆಂಗಳೂರಿನ ಸುತ್ತಮುತ್ತ ಕದ್ದು ಸಾಕಿದ ಕೊಳಗಳ ಮೇಲೆ ದಾಳಿ ಆಗುತ್ತಲೇ ಇರುತ್ತದೆ. ನಿಷೇಧದ ವಿರುದ್ಧ ಇರುವವರ ಗಟ್ಟಿ ವಾದ ಇದೇ: ಬಾಗಿಲು ಮುಚ್ಚಿದರೆ ಹಿಂಬಾಗಿಲು ತೆರೆಯುತ್ತದೆ. ಒಪ್ಪುತ್ತೇನೆ, ಒಂದು ಹಂತಕ್ಕೆ. ಆದರೆ ಆಫ್ರಿಕನ್ ಕ್ಯಾಟ್‌ಫಿಶ್ ತಿನ್ನುವ ಮೀನು, ಅಗ್ಗದ ಮೇವಿನಲ್ಲಿ ಬೇಗ ಬೆಳೆಯುತ್ತದೆ, ಅದರಲ್ಲಿ ದುಡ್ಡಿದೆ. ರೆಡ್‌ಟೈಲ್ ಮಾರಾಟ ನಡೆಯುವುದು ಬಹುಪಾಲು ಕ್ಷಣದ ಆಸೆಯಿಂದ. ಕಣ್ಣೆದುರಿನ ಟ್ಯಾಂಕಿನಲ್ಲಿ ಇಲ್ಲದಿದ್ದರೆ ಹುಡುಕಿಕೊಂಡು ಹೋಗಿ ಕೊಳ್ಳುವವರು ತೀರಾ ಕಡಿಮೆ. ಹಾಗೆ ಹುಡುಕಿ ಹೋಗುವವರಿಗೆ ತಾವು ಏನು ತರುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.

ಜಪಾನ್ ಈ ವಿಷಯದಲ್ಲಿ ಜಾಣತನ ತೋರಿಸಿತು. ನಗೋಯಾ ಕೋಟೆಯ ಕಂದಕದಲ್ಲಿ ಯಾರೋ ಬಿಟ್ಟ ಗಾರ್ ವರ್ಷಗಟ್ಟಲೆ ಕಾಡಿತ್ತು. 2018ರ ಏಪ್ರಿಲಿನಿಂದ ಗಾರ್ ಕುಟುಂಬವನ್ನೇ ಆಕ್ರಮಣಕಾರಿ ಜಾತಿಗಳ ಕಾನೂನಿಗೆ ಸೇರಿಸಿದರು. ಹೊಸದಾಗಿ ಮಾರುವಂತಿಲ್ಲ, ತಳಿ ಮಾಡುವಂತಿಲ್ಲ. ಮೊದಲೇ ಸಾಕಿದ್ದವರು ಅನುಮತಿ ಪಡೆದು ಅದು ಸಾಯುವ ತನಕ ಇಟ್ಟುಕೊಳ್ಳಬಹುದು. ಈ ಕೊನೆಯ ಅಂಶ ತುಂಬಾ ಮುಖ್ಯ. ಅದಿಲ್ಲದಿದ್ದರೆ ಕಾನೂನು ಬಂದ ರಾತ್ರಿಯೇ ಇದ್ದಬದ್ದ ಗಾರ್‌ಗಳೆಲ್ಲ ಕಂದಕ ಸೇರುತ್ತಿದ್ದವು.

ನಮಗೆ ಬೇಕಾದದ್ದೂ ಹೆಚ್ಚುಕಡಿಮೆ ಇಂಥದ್ದೇ. ಬೆಳೆದಾಗ ಎರಡಡಿ ಮೀರುವ ಯಾವ ಜಾತಿಯನ್ನೂ ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಡುವಂತಿಲ್ಲ. ಬೇಕೆಂದವರು ತೊಟ್ಟಿಯ ಅಳತೆ ತೋರಿಸಿ ಮುಂಚಿತವಾಗಿ ಆರ್ಡರ್ ಕೊಡಬೇಕು. ಕೋಯಿ ಕೂಡ ಈ ಲೆಕ್ಕದಲ್ಲಿ ಬೀಳುತ್ತದೆ. ಬೀಳಲಿ ಬಿಡಿ, ಅದು ಕೊಳದ ಮೀನೇ ಹೊರತು ಟೀಪಾಯಿಯ ಮೇಲಿನ ಮೀನಲ್ಲ. ಎಲ್ಲ ಟ್ಯಾಂಕಿನ ಮೇಲೂ ಬೆಲೆಯ ಪಕ್ಕದಲ್ಲೇ 'ಬೆಳೆದಾಗ ಇಷ್ಟು ಅಡಿ' ಎಂದು ಕನ್ನಡದಲ್ಲಿ ಬರೆದಿರಬೇಕು. ಇದಕ್ಕೆ ಹೊಸ ಕಾಯ್ದೆ ಬರುವ ತನಕ ಕಾಯಬೇಕಿಲ್ಲ, ಒಳ್ಳೆಯ ಅಂಗಡಿಯವರು ನಾಳೆಯೇ ಮಾಡಬಹುದು. ಸಕ್ಕರ್ ಮತ್ತು ಗಾರ್ ಮಾತ್ರ ಪೂರ್ತಿ ಬೇಡ.

ಉಳಿದಂತೆ, ಈಗಾಗಲೇ ಮನೆಯಲ್ಲಿ ಎರಡಡಿಯ ಮೀನು ಇಟ್ಟುಕೊಂಡು ಏನು ಮಾಡಲಿ ಎಂದು ಕೂತಿರುವವರಿಗೆ ಒಳ್ಳೆಯ ದಾರಿಗಳು ಕಡಿಮೆ. ದೊಡ್ಡ ತೊಟ್ಟಿ ಇರುವ ಹವ್ಯಾಸಿಗಳನ್ನು ಹುಡುಕಿ ಕೊಡಬಹುದು. ಜಿಲ್ಲೆಯ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಬಹುದು. ಎರಡೂ ಆಗದಿದ್ದರೆ ಪಶುವೈದ್ಯರ ಸಹಾಯದಿಂದ ನೋವಿಲ್ಲದೆ ಕೊನೆಗಾಣಿಸುವುದು ಕೆರೆಗೆ ಬಿಡುವುದಕ್ಕಿಂತ ಸರಿಯಾದ ಕೆಲಸ. ಕೇಳಲು ಕಠಿಣ, ಗೊತ್ತು. ಇನ್ನು ರೂಪ್‌ಚಂದ್, ಪಂಗಾಸ್ ಇಟ್ಟವರು "ಹೇಗೂ ತಿನ್ನುವ ಮೀನಲ್ವಾ, ಸಾರು ಮಾಡಿದರಾಯ್ತು" ಎಂದು ಹೊರಡಬೇಡಿ. ಅಕ್ವೇರಿಯಂ ಮೀನಿಗೆ ಹಾಕುವ ಔಷಧಿಗಳಲ್ಲಿ ಮ್ಯಾಲಕೈಟ್ ಗ್ರೀನ್‌ನಂಥವೂ ಇರುತ್ತವೆ. ಅದು ಮಾಂಸದಲ್ಲಿ ಉಳಿಯುತ್ತದೆ. ತಿನ್ನುವ ಮೀನಿನಲ್ಲಿ ಅದರ ಬಳಕೆಗೆ ಎಷ್ಟೋ ದೇಶಗಳಲ್ಲಿ ನಿಷೇಧವಿದೆ.